ಫೋಟೋದಲ್ಲಿ ಬಿಳಿ ಹಾಳೆ ಬೂದು ಬಣ್ಣವಾಗುತ್ತಿತ್ತು: ನನ್ನ ಅನುಭವ

ಜಲವರ್ಣದಲ್ಲಿ ತಮಾಷೆಯ ಚಿತ್ರ ಬಿಡಿಸಿ, ಪೋಸ್ಟ್‌ಕಾರ್ಡ್ ಮಾಡಿ ಮಾರುತ್ತೇನೆ. ಕೊಡೆ ಹಿಡಿದು ಬಸ್ಸಿಗೆ ಕಾಯುವ ಕಪ್ಪೆ, ಬಟ್ಟೆ ಒಣಹಾಕುವ ಬೆಕ್ಕು, ಇಂಥವು. ಮೊಬೈಲಿನಲ್ಲಿ ಫೋಟೋ ತೆಗೆದರೆ ಮಾತ್ರ ಎಲ್ಲ ಮಂಕು. ಹಾಳೆ ಬೂದು, ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ. ಕಪ್ಪೆಯ ಹೊಟ್ಟೆಯ ತಿಳಿ ಹಸಿರಂತೂ ಪಾಚಿ ಕಟ್ಟಿದ ಹಾಗೆ ಕಾಣುತ್ತಿತ್ತು.

ಬೂದು ಯಾಕೆ ಅಂದರೆ, ಎದುರಿಗಿರುವುದು ಒಟ್ಟಾರೆ ಮಧ್ಯಮ ಬೂದು ಅಂದುಕೊಂಡೇ ಕ್ಯಾಮೆರಾ ಬೆಳಕು ಅಳೆಯುತ್ತದೆ. ತುಂಬಾ ಬಿಳಿ ಕಂಡರೆ ತಾನೇ ಕತ್ತಲು ಮಾಡುತ್ತದೆ. ಪರದೆಯಲ್ಲಿ ಹಾಳೆಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆದೆ. ಹಾಳೆ ಬೆಳ್ಳಗಾಯಿತು. ಜಾಸ್ತಿ ಎಳೆದರೆ ತೆಳು ಬಣ್ಣವೆಲ್ಲ ಮಾಯ, ಅಷ್ಟು ನೋಡಿಕೊಳ್ಳಬೇಕು.

ನೀಲಿ ಹಳದಿ ಸಮಸ್ಯೆ ಇನ್ನೂ ಸುಲಭ. ಕಿಟಕಿಯ ಬೆಳಕೂ ಬಲ್ಬಿನ ಬೆಳಕೂ ಒಟ್ಟಿಗೆ ಬೀಳುತ್ತಿದ್ದವು. ಬಲ್ಬ್ ಆರಿಸಿದೆ, ಮುಗೀತು. ಕಿಟಕಿಯ ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದ ಮೇಲೆ ಎರಡೂ ಪಕ್ಕ ಸಮ ಬೆಳಕು. ನೇರ ಬಿಸಿಲು ಬೇಡವೇ ಬೇಡ, ದೊರಗು ಹಾಳೆಯ ಒಂದೊಂದು ಉಬ್ಬಿಗೂ ನೆರಳು ಬೀಳುತ್ತದೆ. ಅಂಚು ಬಾಗದಿರಲಿ ಅಂತ ಸ್ವಲ್ಪ ದೂರ ನಿಂತು 2 ಪಟ್ಟು ಝೂಮ್ ಮಾಡುತ್ತೇನೆ.

ಒಪೆರಾ ಪಿಂಕ್ ಅನ್ನುವ ಕಣ್ಣು ಕುಕ್ಕುವ ಗುಲಾಬಿ ಬಣ್ಣ ಮಾತ್ರ ಇನ್ನೂ ಹಠಮಾರಿ. ಅದರ ಹೊಳಪು ಮಾಮೂಲಿ ನಾಲ್ಕು ಶಾಯಿಯ ಮುದ್ರಣದಲ್ಲಿ ಬರುವುದೇ ಇಲ್ಲ. ಪೋಸ್ಟ್‌ಕಾರ್ಡಿಗೆ ಹೋಗುವ ಚಿತ್ರಗಳಲ್ಲಿ ಅದನ್ನು ಬಳಸುವುದನ್ನೇ ಬಿಟ್ಟಿದ್ದೇನೆ.