ಹದಿಮೂರು ಸಾವಿರದೊಳಗೆ ಎರಡೂವರೆ ಇಂಚು: ಎಂಎಂ 540 ಪಾಟಾ ಎತ್ತಿಸಿದ ನನ್ನ ಅನುಭವ

ನನ್ನ ಮಹೀಂದ್ರ ಎಂಎಂ 540 ಜೀಪಿನ ಪಾಟಾ (ಉಕ್ಕಿನ ಪಟ್ಟಿ, ಅಂದರೆ ಎಲೆ, ಒಂದರ ಮೇಲೊಂದು ಪೇರಿಸಿದ ಕಮಾನಿನ ಸ್ಪ್ರಿಂಗ್) ಎತ್ತಿಸಿ ಎರಡು ಮಳೆಗಾಲ ಕಳೆಯಿತು. ಮೊನ್ನೆ ಟೇಪ್ ಹಿಡಿದು ಮತ್ತೆ ಅಳೆದೆ. ಚಕ್ರದ ಹಬ್ಬಿನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಮೊದಲಿಗಿಂತ ಮುಂದೆ ಎರಡೂಕಾಲು ಇಂಚು, ಹಿಂದೆ ಎರಡು ಇಂಚು ಇನ್ನೂ ಎತ್ತರ ಇದೆ. ಕಟ್ಟಿಸಿದ ದಿನ ಎರಡೂ ಕಡೆ ಎರಡೂವರೆ ಇತ್ತು. "ಹಳೇ ಪಾಟಾ ಬಡಿಸಿದ್ರೆ ಒಂದು ತಿಂಗಳೂ ನಿಲ್ಲಲ್ಲ ಭಾವ, ಸುಮ್ನೆ ದುಡ್ಡು ದಂಡ" ಅಂತ ನನ್ನ ಬಾಮೈದನೇ ಹೇಳಿದ್ದ. ಅದಕ್ಕೇ ಇಷ್ಟು ದಿನ ಕಾದು ಈಗ ಬರೆಯುತ್ತಿದ್ದೇನೆ.

ನನ್ನದು 1994ರ ಗಾಡಿ, ಪ್ಯೂಜೋ ಎಂಜಿನ್. ಓಡಾಟ ಸಕಲೇಶಪುರದ ಕಡೆ, ತೋಟದ ದಾರಿಯಲ್ಲೇ ಜಾಸ್ತಿ. ಜುಲೈ ಬಂತೆಂದರೆ ಟ್ರ್ಯಾಕ್ಟರ್ ಚಕ್ರ ಹೋದಲ್ಲಿ ಮೊಣಕಾಲುದ್ದ ಹಳ್ಳ, ನಡುವೆ ದಿಣ್ಣೆ. ಗೇರ್‌ಬಾಕ್ಸ್ ಕೆಳಗಿನ ಪ್ಲೇಟ್ ಆ ದಿಣ್ಣೆ ಮೇಲೆ ಕೂತುಬಿಟ್ಟರೆ ನಾಲ್ಕು ಚಕ್ರವೂ ಸುಮ್ನೆ ತಿರುಗುತ್ತವೆ. ಪಾಟಾ ಎತ್ತಿಸಿದರೆ ಡಿಫರೆನ್ಷಿಯಲ್ (ಚಕ್ರಗಳ ಅಚ್ಚು, ಅಂದರೆ ಆಕ್ಸಲ್, ಅದರ ನಡುವಿನ ಗೇರಿನ ಉಂಡೆ) ಎತ್ತರ ಆಗಲ್ಲ, ಅದಕ್ಕೆ ದೊಡ್ಡ ಟೈರೇ ಬೇಕು. ನನಗೆ ಬೇಕಾಗಿದ್ದು ಹೊಟ್ಟೆಯ ಎತ್ತರ.

ಬೆಂಗಳೂರಲ್ಲಿ ಗಾಡಿ ಎತ್ತರಿಸೋ ಕಿಟ್ ಕೇಳಿದೆ. ಫಿಟ್ಟಿಂಗ್ ಸೇರಿ ನಲವತ್ತೆಂಟು ಸಾವಿರ ಅಂದರು. ಪಾಟಾವನ್ನು ಆಕ್ಸಲ್ ಮೇಲಕ್ಕೆ ತರೋ ಸ್ಪ್ರಿಂಗ್ ಓವರ್ ಮಾಡಿಸು ಅಂತ ಗೆಳೆಯರು ಹೇಳಿದರು. ಅದರಲ್ಲಿ ಐದು ಇಂಚಿನ ಹತ್ತಿರ ಏರುತ್ತೆ. ಇಷ್ಟು ಗಿಡ್ಡ ಗಾಡಿ, ಓರೆ ದಾರಿ, ಹಿಂದೆ ಕೂರೋದು ನನ್ನ ಮಕ್ಕಳು. ಮಗುಚೋ ಭಯ, ಬೇಡ ಅನ್ನಿಸಿತು.

ಮೊದಲು ಮಾಡಿದ ತಪ್ಪು ಕುಲುಮೆ. ಊರ ಹತ್ತಿರದ ಕುಲುಮೆಯಲ್ಲಿ ಮುಂದಿನ ಎರಡೂ ಸೆಟ್ (ಒಂದು ಚಕ್ರದ ಎಲೆಗಳ ಕಟ್ಟು ಒಂದು ಸೆಟ್) ಕೆಂಪಗೆ ಕಾಯಿಸಿ ಕಮಾನು ಎತ್ತಿಸಿದೆ. ಮೂರು ಇಂಚು ಏರಿತು, ನೋಡೋಕೆ ಚೆಂದ. ನಾಲ್ಕೈದು ಸಲ ಗೊಬ್ಬರದ ಮೂಟೆ ಹೊತ್ತ ಮೇಲೆ ಎಲೆಗಳು ಹಲಗೆ ಥರ ನೇರ ಆಗಿಬಿಟ್ಟವು. ಎರಡು ಸಾವಿರ ಹೋಯಿತು.

ಆಮೇಲೆ ಉದ್ದ ಶ್ಯಾಕಲ್, ಅಂದರೆ ಪಾಟಾದ ತುದಿಯನ್ನು ಚಾಸಿಗೆ ಸೇರಿಸೋ ತೂಗುಕೊಂಡಿ. ಎರಡು ಇಂಚು ಉದ್ದ ಮಾಡಿಸಿದರೆ ಸಿಗೋದು ಒಂದೇ ಇಂಚು, ಅದು ಲೆಕ್ಕದಲ್ಲೇ ಇತ್ತು. ಆದರೆ ನಮ್ಮ ಗಾಡಿಯಲ್ಲಿ ಮುಂದಿನ ಶ್ಯಾಕಲ್ ಪಾಟಾದ ಮುಂತುದಿಗೇ ಇರೋದು. ಅದು ಉದ್ದ ಆದಷ್ಟೂ ಆಕ್ಸಲ್ ಮುಂದಕ್ಕೆ ಬಾಗುತ್ತೆ, ಕ್ಯಾಸ್ಟರ್ (ಸ್ಟೀರಿಂಗ್ ತಾನೇ ನೇರಕ್ಕೆ ಬರೋ ಹಾಗೆ ಮಾಡೋ ಓರೆ) ಹಾಳಾಗುತ್ತೆ. ಶಿರಾಡಿ ಘಾಟಿ ಇಳಿಯುವಾಗ ಸ್ಟೀರಿಂಗ್ ನನ್ನ ಕೈಯಲ್ಲೇ ಇರಲಿಲ್ಲ. ಲೇತಿನಲ್ಲಿ ಎರಡು ಡಿಗ್ರಿ ವೆಡ್ಜ್ (ಬೆಣೆ) ಮಾಡಿಸಿ ಪಾಟಾ ಮತ್ತು ಆಕ್ಸಲ್ ನಡುವೆ ಕೊಟ್ಟೆ. ಹಾಕಿದ ಹುಡುಗ ದಪ್ಪ ತುದಿಯನ್ನು ಹಿಂದುಮುಂದು ಇಟ್ಟಿದ್ದ. ನಾನೂ ನೋಡಲಿಲ್ಲ. ಇನ್ನೂ ಕೆಟ್ಟಿತು. ತಿರುಗಿಸಿ ಹಾಕಿದ ಮೇಲೆ ಸ್ಟೀರಿಂಗ್ ಸರಿಯಾಯಿತು, ಆದರೆ ಫೋರ್ ವೀಲ್ ಹಾಕಿದರೆ ಮುಂದಿನ ಪ್ರೊಪೆಲ್ಲರ್ (ಆಕ್ಸಲ್‌ಗೆ ತಿರುಗೋ ಬಲ ಒಯ್ಯೋ ದಂಡ) ಕೀಲಿನ ಕ್ರಾಸ್ ಕಟಕಟ ಅನ್ನತೊಡಗಿತು. ಶ್ಯಾಕಲ್, ವೆಡ್ಜ್ ಎರಡೂ ಬಿಚ್ಚಿದೆ. ಇನ್ನೊಂದು ಮೂರು ಸಾವಿರ ಹೋಯಿತು.

ಕೊನೆಗೆ ಹಾಸನದಲ್ಲಿ ಲಾರಿ ಪಾಟಾ ಕೆಲಸದ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ನನ್ನ ಎಲೆಯನ್ನು ಸುತ್ತಿಗೆಯಿಂದ ಒಂದು ಸಲ ತಟ್ಟಿ ಸದ್ದು ಕೇಳಿದರು. "ಕೆಂಪಗೆ ಕಾಯ್ಸಿದ್ರಾ ಗೌಡ್ರೇ? ಹದ ಹೋಗಿದೆ. ಇದು ಈಗ ಬರೀ ಕಬ್ಬಿಣ" ಅಂದರು. ಹಾಗಾಗಿ ಮುಂದಿನ ಸೆಟ್ ಎರಡನ್ನೂ ಗುಜರಿಯಲ್ಲಿ ಹುಡುಕಿ ತಂದೆ. ಟೇಪ್ ನಂಬಲಿಲ್ಲ, ಹಳೇ ಎಲೆಯ ಒಂದು ತುಂಡನ್ನೇ ಹಿಡಿದುಕೊಂಡು ಹೋಗಿ ಅಗಲ, ದಪ್ಪ ಹೊಂದಿಸಿದೆ. ಜೊತೆಗೆ ಸೆಟ್ಟಿಗೊಂದರಂತೆ ನಾಲ್ಕು ಹೆಚ್ಚುವರಿ ಎಲೆ.

ಇಲ್ಲಿ ಬೆಂಕಿ ಇಲ್ಲ, ಪೂರ್ತಿ ತಣ್ಣನೆ ಕೆಲಸ. ಗುಳಿ ಇರೋ ಅಡಿಗಲ್ಲಿನ ಮೇಲೆ ಎಲೆಯ ಒಳಮೈ ಮೇಲೆ ಮಾಡಿ ಇಟ್ಟು, ಒಂದು ತುದಿಯಿಂದ ಬೆರಳಗಲಕ್ಕೊಂದು ಪೆಟ್ಟು. ಪ್ರತಿ ಪೆಟ್ಟಿಗೂ ಎಲೆ ಕೂದಲೆಳೆಯಷ್ಟು ಬಾಗುತ್ತೆ. ಆ ಗುರುತು ಸಾಲಾಗಿ ಎಣಿಸೋ ಹಾಗೆ ಬೀಳುತ್ತೆ. ನಾಲ್ಕೂ ಸೆಟ್ ಮುಗಿಯೋಕೆ ಎರಡು ದಿನ ಬೇಕಾಯಿತು. ಹೆಚ್ಚುವರಿ ಎಲೆಯ ತುದಿಗಳನ್ನು ನಾನೇ ಗ್ರೈಂಡರ್‌ನಲ್ಲಿ ತೆಳ್ಳಗೆ ಇಳಿಸಿದೆ, ಇಲ್ಲದಿದ್ದರೆ ಮೇಲಿನ ಎಲೆಯನ್ನು ಕೊರೆಯುತ್ತೆ. ಅದನ್ನು ಎಷ್ಟನೆಯದಾಗಿ ಸೇರಿಸಿದೆ, ಇಳಿಯೋ ಲೆಕ್ಕಕ್ಕೆ ಎಷ್ಟು ಕಮಾನು ಜಾಸ್ತಿ ಕೊಟ್ಟೆ ಅನ್ನೋದನ್ನು ಇಲ್ಲಿ ಹೇಳಲ್ಲ. ಮೂರು ಸಲ ಬಿಚ್ಚಿ ಕಟ್ಟಿ ಕಲಿತಿದ್ದು ಅದು. ನಮ್ಮ ಕಡೆ ಇದನ್ನು ಇಷ್ಟು ಸರಿಯಾಗಿ ಕೂರಿಸಿದವರು ನಾನು ಕಂಡಂತೆ ಬೇರೆ ಯಾರೂ ಇಲ್ಲ.

ಮೂರನೇ ಸಲ ಬಿಚ್ಚಿದ್ದಕ್ಕೆ ಕಾರಣ ನನ್ನ ಜಿಪುಣತನ. ಪಾಟಾವನ್ನು ಆಕ್ಸಲ್‌ಗೆ ಬಿಗಿಯೋ ಹಳೇ ಯು ಬೋಲ್ಟನ್ನೇ ಮತ್ತೆ ಹಾಕಿದ್ದೆ. ಎಳೆದುಕೊಂಡ ಬೋಲ್ಟ್, ಬಿಗಿ ನಿಲ್ಲಲಿಲ್ಲ. ಒಂದು ಏರಿನಲ್ಲಿ ಹಿಂದೆ ಟಣ್ ಅಂತ ಸದ್ದು. ಗಾಡಿ ಏಡಿಯ ಹಾಗೆ ಓರೆಯಾಗಿ ಹೋಗತೊಡಗಿತು. ಬಿಚ್ಚಿ ನೋಡಿದರೆ ಎಲೆಗಳನ್ನು ನಡುವೆ ಪೋಣಿಸೋ ಎಡಗಡೆ ಸೆಂಟರ್ ಬೋಲ್ಟಿನ ತಲೆ ನುಣ್ಣಗೆ ಕತ್ತರಿಸಿ ಹೋಗಿತ್ತು, ಮುರಿದ ಜಾಗ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಆಕ್ಸಲ್ ಒಂದು ಇಂಚು ಹಿಂದಕ್ಕೆ ಜಾರಿತ್ತು. ಇಳಿಜಾರಲ್ಲಿ ಆಗಿದ್ದರೆ ಏನಾಗುತ್ತಿತ್ತೋ. ದಯವಿಟ್ಟು ಎಂಟೂ ಯು ಬೋಲ್ಟ್ ಹೊಸದು ಹಾಕಿ. ನೂರು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿ, ಐನೂರಕ್ಕೆ ಇನ್ನೊಂದು ಸಲ.

ಬ್ರೇಕ್ ಹೋಸ್ ಮರೆಯಬೇಡಿ. ಒಂದು ಮುಂದಿನ ಚಕ್ರವನ್ನು ಬಂಡೆ ಮೇಲೆ ಹತ್ತಿಸಿ ಇನ್ನೊಂದನ್ನು ಜೋತು ಬಿಟ್ಟು ನೋಡಿದೆ. ಹೋಸ್ ತಂತಿಯ ಹಾಗೆ ಬಿಗಿದಿತ್ತು. ಉದ್ದದ್ದು ಹಾಕಿಸಿದೆ. ಶಾಕಪ್ಸ್ ಹಳೆಯದೇ, ಕೆಳಗೆ ಬ್ರ್ಯಾಕೆಟ್ ಕೊಟ್ಟೆ.

ನಡುವೆ ಒಂದು ಪ್ರಯೋಗ. ಔಷಧಿ ಹೊಡೆಯೋ ಹಳೇ ಪ್ಲಾಸ್ಟಿಕ್ ಡ್ರಮ್ ಕತ್ತರಿಸಿ ಎಲೆಗಳ ನಡುವೆ ಪಟ್ಟಿ ಕೊಟ್ಟೆ. ಬೇಸಿಗೆಯಲ್ಲಿ ಕಿರ್ ಅನ್ನೋ ಸದ್ದೇ ಇಲ್ಲ, ಗಾಡಿ ಮೆತ್ತಗೆ ಹೋಗುತ್ತಿತ್ತು. ಮಳೆ ಬಂದ ಮೇಲೆ ಕೆಸರು ಒಳಗೆ ಕೂತು ಪಟ್ಟಿ ಜಾರಿ ಹೊರಗೆ ಬಂತು. ಈಗ ಗ್ರಾಫೈಟ್ ಗ್ರೀಸ್ ಅಷ್ಟೇ. ಆದರೆ ಜಲ್ಲಿ ಕ್ರಷರ್‌ನ ಹಳೇ ಬೆಲ್ಟ್ ಮೂರು ಪದರ ಸೇರಿಸಿ ಮಾಡಿದ, ಪಾಟಾ ಪೂರ್ತಿ ಕುಸಿದಾಗ ತಡೆಯೋ ಬಂಪರ್ ರಬ್ಬರ್ ಇವತ್ತಿಗೂ ಗಟ್ಟಿಯಾಗಿದೆ.

ಖರ್ಚು ನೆನಪಿದ್ದಷ್ಟು: ಮೇಸ್ತ್ರಿ ಕೂಲಿ ನಾಲ್ಕು ಸಾವಿರದ ಇನ್ನೂರು, ಗುಜರಿ ಸೆಟ್ ಮತ್ತು ಎಲೆ ಮೂರೂವರೆ ಸಾವಿರ, ಯು ಬೋಲ್ಟ್, ಸೆಂಟರ್ ಬೋಲ್ಟ್ ಎರಡು ಸಾವಿರ, ಬುಷ್ಷು, ಹೋಸು, ಬ್ರ್ಯಾಕೆಟ್ಟು ಎಲ್ಲಾ ಸೇರಿ ಎರಡೂವರೆ. ಹನ್ನೆರಡು ಚಿಲ್ಲರೆ. ಮೊದಲು ಹಾಳು ಮಾಡಿದ ಐದು ಸಾವಿರ ಇದರಲ್ಲಿ ಸೇರಿಲ್ಲ.

ಗಾಡಿಯ ಮಾರ್ಪಾಡಿಗೆ ಮಿತಿ ಹಾಕೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರೋದು ಗೊತ್ತಿರಲಿ, ಕೈ ಹಾಕೋ ಮೊದಲು ಆರ್‌ಟಿಒದಲ್ಲಿ ಕೇಳಿ.

ಒಂದು ಕೊರತೆ ಉಳಿದಿದೆ. ವೇಗ ಐವತ್ತೈದು ಕಿಲೋಮೀಟರ್ ದಾಟಿದರೆ ಹಿಂದಿನ ಪ್ರೊಪೆಲ್ಲರ್ ನಡುಗುತ್ತೆ. ಗೇರ್‌ಬಾಕ್ಸ್ ಹೊರೋ ಅಡ್ಡಪಟ್ಟಿಯಾದ ಕ್ರಾಸ್ ಮೆಂಬರ್‌ಗೆ ಅರ್ಧ ಇಂಚಿನ ಸ್ಪೇಸರ್ ಕೊಟ್ಟು ಇಳಿಸಿದಾಗ ಮುಕ್ಕಾಲು ಪಾಲು ಹೋಯಿತು. ಇನ್ನು ಕಾಲು ಇಂಚು ಇಳಿಸಿ ನೋಡಬೇಕು. ಸ್ಪೇಸರ್ ಲೇತಿಗೆ ಕೊಟ್ಟಿದ್ದೇನೆ, ಗುರುವಾರ ಸಿಗುತ್ತೆ.