ಕಚೇರಿಯಲ್ಲಿ ಪರಿಹಾರ ನಿಧಿ ಕೂಡಿಸುವ ಬಗೆ

ಡಬ್ಬಿ ಇಡುವ ಮುಂಚೆಯೇ ಹಣ ಯಾವ ಸಂಸ್ಥೆಗೆ, ಯಾವ ತಾರೀಖಿಗೆ ಸೇರುತ್ತದೆಂದು ಬರೆದು ಅಂಟಿಸಿ. ಇಲ್ಲದಿದ್ದರೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ಸಂಬಳವಾದ ಮರುದಿನ ಶುರು ಮಾಡಿ. ಒಂದು ವಾರ ಸಾಕು, ಎಳೆದಷ್ಟೂ ಉತ್ಸಾಹ ಇಳಿಯುತ್ತದೆ.

ತಿಂಡಿ ಮಾರುವುದಾದರೆ ಎಲ್ಲ ಪೊಟ್ಟಣಕ್ಕೂ ಒಂದೇ ಬೆಲೆಯಿರಲಿ, ಚಿಲ್ಲರೆ ಮೊದಲೇ ತಂದಿಡಿ. ಹಾಲು, ಕಡಲೆಕಾಯಿ ಬೀಜ ಹಾಕಿದ್ದರೆ ಚೀಟಿ ಹಚ್ಚಿ. ಅಲರ್ಜಿ ಇರುವವರು ಕೇಳಲು ಸಂಕೋಚಪಡುತ್ತಾರೆ.

ಡಬ್ಬಿಯ ಮುಚ್ಚಳದ ಸಂದಿಗೆ ಕಾಗದ ಅಂಟಿಸಿ, ಅದರ ಮೇಲೆ ಇಬ್ಬರು ಅಡ್ಡಲಾಗಿ ಸಹಿ ಹಾಕಲಿ. ತೆರೆದು ಎಣಿಸುವಾಗಲೂ ಆ ಇಬ್ಬರೇ ಇರಬೇಕು. ಮೊಬೈಲಿನಲ್ಲಿ ಕೊಡುವವರ ಹಣ ನೇರ ಸಂಸ್ಥೆಯ ಖಾತೆಗೇ ಹೋಗಲಿ; ಸಹೋದ್ಯೋಗಿಯ ಸ್ವಂತ ಖಾತೆ ಎಷ್ಟೇ ನಂಬಿಕಸ್ಥರದ್ದಾದರೂ ಬೇಡ, ಲೆಕ್ಕ ಕಲಸಿಹೋಗುತ್ತದೆ.

ಹಳೇ ಬಟ್ಟೆ ಮಾತ್ರ ಬೇಡವೇ ಬೇಡ. ವಿಂಗಡಿಸಿ ಸಾಗಿಸುವುದರಲ್ಲೇ ಪರಿಹಾರ ಕೆಲಸದವರು ಸುಸ್ತಾಗುತ್ತಾರೆ. ರಸೀದಿ ಬಂದ ದಿನವೇ ನೋಟಿಸ್ ಬೋರ್ಡಿಗೆ ಹಾಕಿ.