ಕಾನ್‌ಕಾರ್ಡ್‌ಗೆ ಹೊರಟಿದ್ದೀರಾ? ಅಲ್ಲಿನ ಅಕ್ಟೋಬರ್ ಬಗ್ಗೆ ಒಂದಿಷ್ಟು

ರಜೆಗೆ ಬೆಂಗಳೂರಿಗೆ ಬಂದಾಗಲೆಲ್ಲ ಜಯನಗರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಬಾಸ್ಟನ್ ಹತ್ತಿರ ಮಗಳ ಮನೆಗೆ ಹೋಗ್ತಿದ್ದೀವಿ. ಎಲೆ ಬಣ್ಣ ನೋಡೋಕೆ ಎಲ್ಲಿಗೆ ಹೋಗ್ಬೇಕು?" ಮಗಳಿರುವುದು ನಾನಿರುವ ಮ್ಯಾಸಚೂಸೆಟ್ಸ್‌ನ ಕಾನ್‌ಕಾರ್ಡ್ ಆದರೆ ಎಲ್ಲಿಗೂ ಹೋಗಬೇಡಿ ಅನ್ನುತ್ತೇನೆ. ಅಕ್ಟೋಬರ್ ಎರಡನೇ ಸೋಮವಾರ ರಜೆ. ಆ ಮೂರು ದಿನ ನ್ಯೂ ಹ್ಯಾಂಪ್‌ಶೈರ್ ಬೆಟ್ಟಗಳ ಕಡೆ ಕಾರು ಹತ್ತಿದರೆ ಎಲೆಗಿಂತ ಮುಂದಿನ ಕಾರಿನ ಬ್ರೇಕ್ ಲೈಟನ್ನೇ ಜಾಸ್ತಿ ನೋಡುತ್ತೀರಿ. ನಮ್ಮ ಊರಲ್ಲಿ ಬೀದಿಯಲ್ಲೇ ಬಣ್ಣ ಇರುತ್ತದೆ.

ಸಾಮಾನ್ಯವಾಗಿ ಅಕ್ಟೋಬರ್ ಮಧ್ಯಭಾಗ ಒಳ್ಳೆಯ ಸಮಯ. ಹಗಲು ಚಿಕ್ಕದಾಗುತ್ತಾ ಬಂದ ಹಾಗೆ ಎಲೆಯ ಹಸಿರು ಕರಗಿ, ಒಳಗೆ ಮೊದಲಿಂದಲೂ ಇದ್ದ ಹಳದಿ ಕಾಣಿಸುತ್ತದೆ. ಕೆಂಪು ಹಾಗಲ್ಲ, ಆಗಲೇ ಹೊಸದಾಗಿ ಹುಟ್ಟುತ್ತದೆ. ಹಗಲು ಬಿಸಿಲು, ರಾತ್ರಿ ಹಿಮ ಕಟ್ಟದಷ್ಟು ಚಳಿ ಇದ್ದರೆ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಅದು ತಯಾರಾಗುತ್ತದೆ. ಅದಕ್ಕೇ ಒಂದೇ ಮೇಪಲ್ ಮರ ಒಂದು ವರ್ಷ ಕಡುಗೆಂಪು, ಇನ್ನೊಂದು ವರ್ಷ ಸಪ್ಪೆ. ಜೋರು ಗಾಳಿಮಳೆ ಬಂದರೆ ಒಂದೇ ರಾತ್ರಿಗೆ ಅರ್ಧ ಎಲೆ ನೆಲದ ಮೇಲೆ. ಶನಿವಾರ ನೋಡೋಣ ಅಂತ ಕಾಯಬೇಡಿ, ಮಂಗಳವಾರವೇ ಹೊರಡಿ.

ಎಲ್ಲಿಗೆ ಅಂದರೆ, ವಾಲ್ಡನ್ ಪಾಂಡ್‌ಗೆ. ನೋಡಲು ಸಣ್ಣ ಕೆರೆ, ಆಳ ಮಾತ್ರ ಸುಮಾರು 100 ಅಡಿ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1845ರ ಜುಲೈ 4ರಂದು ಇದರ ದಡದ ಪುಟ್ಟ ಮನೆಗೆ ಬಂದು ಎರಡು ವರ್ಷದ ಮೇಲೆ ಇದ್ದ. ಹತ್ತಕ್ಕೆ ಹದಿನೈದು ಅಡಿ, ಅಷ್ಟೇ ಮನೆ. ಅದರ ಮಾದರಿ ಪಾರ್ಕಿಂಗ್ ಹತ್ತಿರವೇ ಇದೆ. ಜಾಗ ತುಂಬಿದರೆ ಒಳಗೆ ಬಿಡುವುದಿಲ್ಲ, ಹಾಗಾಗಿ ವಾರದ ದಿನ ಬೆಳಿಗ್ಗೆ ಬೇಗ ಹೋಗಿ. ಬೇರೆ ರಾಜ್ಯದ ನಂಬರ್ ಪ್ಲೇಟ್ ಇದ್ದರೆ ಪಾರ್ಕಿಂಗ್ ಶುಲ್ಕ ತುಂಬಾ ಜಾಸ್ತಿ, ಬಾಡಿಗೆ ಕಾರಿನವರು ಇದನ್ನು ನೋಡಿಕೊಳ್ಳಿ. ಒಂದು ಸುತ್ತು ಬರಲು ಆರಾಮಾಗಿ ನಡೆದರೆ ಒಂದು ಗಂಟೆ.

ಈ ಕೆರೆಗೂ ನಮ್ಮ ಕಡೆಗೂ ಒಂದು ನಂಟಿದೆ. ಬಾಸ್ಟನ್ನಿನ ವ್ಯಾಪಾರಿ ಫ್ರೆಡ್ರಿಕ್ ಟ್ಯೂಡರ್ 1833ರಲ್ಲೇ ಹಡಗಿನಲ್ಲಿ ಕಲ್ಕತ್ತೆಗೆ ಐಸ್ ಕಳಿಸಿದ್ದ. ಮದ್ರಾಸಿನಲ್ಲಿ ಅದನ್ನು ಇಡಲು ಕಟ್ಟಿಸಿದ ಐಸ್ ಹೌಸೇ ಮರೀನಾ ಎದುರಿನ ಇಂದಿನ ವಿವೇಕಾನಂದರ್ ಇಲ್ಲಂ. 1846–47ರ ಚಳಿಗಾಲದಲ್ಲಿ ವಾಲ್ಡನ್ನಿನಲ್ಲೂ ಐಸ್ ಕೊಯ್ದರು. ಮದ್ರಾಸಿನವರು ನನ್ನ ಬಾವಿಯ ನೀರು ಕುಡಿಯುತ್ತಾರೆ ಅನ್ನುವ ಅರ್ಥದ ಮಾತನ್ನು ಥೋರೋ ಆಗ ಬರೆದ.

ಕಾಡಿನ ದಾರಿಯಲ್ಲಿ ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳಿ. ಅಲ್ಲಿನ ಉಣುಗು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು, ಚಳಿ ಶುರುವಾದರೂ ಅವು ಇರುತ್ತವೆ. ಮನೆಗೆ ಬಂದ ಮೇಲೆ ಮಂಡಿ ಹಿಂಭಾಗ, ಸೊಂಟ, ಮಕ್ಕಳ ತಲೆ ನೋಡಿಕೊಳ್ಳಿ. ಎಲೆ ರಾಶಿ ಮೇಲೆ ಮಲಗಿ ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದವರಂತೂ ತಪ್ಪದೆ ನೋಡಿಕೊಳ್ಳಬೇಕು.

ಇನ್ನು ತಿನ್ನುವ ವಿಷಯ. ಸೆಪ್ಟೆಂಬರ್ ಕೊನೆಗೆ ರೈತರ ಅಂಗಡಿಗಳಲ್ಲಿ ಕಾನ್‌ಕಾರ್ಡ್ ದ್ರಾಕ್ಷಿ ಸಿಗುತ್ತದೆ. 1849ರಲ್ಲಿ ಇದೇ ಊರಲ್ಲಿ ಎಫ್ರಾಯಿಮ್ ಬುಲ್ ಬೆಳೆಸಿದ ತಳಿ. ಬಾಯಿಗೆ ಹಾಕಿದ ಕೂಡಲೇ ಸಿಪ್ಪೆ ಜಾರಿ, ಪರಿಮಳ ಮೂಗಿಗೆ ಬರುತ್ತದೆ. ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ ತಿಂದು ಬೆಳೆದವರಿಗೆ ಇದು ಪರಿಚಯದ ರುಚಿ. ಎರಡೂ ಅಮೆರಿಕದ ಕಾಡು ದ್ರಾಕ್ಷಿ ಲ್ಯಾಬ್ರುಸ್ಕಾದ ವಂಶದವೇ. ಬೀಜ ಇದೆ ಅಂತ ಅಲ್ಲಿಯವರು ಹೆಚ್ಚಾಗಿ ಜ್ಯೂಸ್, ಜಾಮ್ ಮಾಡುತ್ತಾರೆ. ನಾವು ಸುಮ್ನೆ ತಿನ್ನುತ್ತೇವೆ.

ಸೇಬು ಕೀಳಲು ಹತ್ತಿರದ ಸ್ಟೋ ಊರಿಗೆ ಹೋಗಿ. ಚೀಲದ ಲೆಕ್ಕದಲ್ಲಿ ದುಡ್ಡು. ಕೊಂಬೆ ಎಳೆಯದೆ ಹಣ್ಣನ್ನು ಮೇಲಕ್ಕೆತ್ತಿ ತಿರುಗಿಸಿದರೆ ಕೈಗೆ ಬರುತ್ತದೆ. ತೋಟದಲ್ಲಿ ಮಾರುವ ಸೈಡರ್ ಬರೀ ಸೇಬಿನ ರಸ, ಮತ್ತು ಬರುವುದಿಲ್ಲ. ಹಾರ್ಡ್ ಸೈಡರ್ ಅಂತಿದ್ದರೆ ಮಾತ್ರ ಹೆಂಡ. ಸೈಡರ್ ಡೋನಟ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ತಿನ್ನದವರು ಕೇಳಿಕೊಳ್ಳಿ. ಮನೆ ಮುಂದೆ ಇಡುವ ದೊಡ್ಡ ಕುಂಬಳಕಾಯಿಯಿಂದ ಹುಳಿ ಮಾಡಲು ಹೋಗಬೇಡಿ, ನೀರು ನೀರು. ಅದಕ್ಕೆ ಬಟರ್‌ನಟ್ ಸ್ಕ್ವಾಷ್ ಸರಿ. ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ಮೇನ್ ಸ್ಟ್ರೀಟ್‌ನಲ್ಲಿ ಸಿಗುವುದಿಲ್ಲ, ಬರ್ಲಿಂಗ್ಟನ್‌ಗೆ ಹೋಗಬೇಕು. ನವರಾತ್ರಿಗೆ ಆಶ್‌ಲ್ಯಾಂಡಿನ ಲಕ್ಷ್ಮಿ ದೇವಸ್ಥಾನವಿದೆ.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ದಿನ, 1775ರ ಏಪ್ರಿಲ್ 19ರಂದು, ಬ್ರಿಟಿಷ್ ಸೈನಿಕರ ಮೇಲೆ ಊರಿನವರು ಗುಂಡು ಹಾರಿಸಿದ ನಾರ್ತ್ ಬ್ರಿಜ್ ಅನ್ನು ಎಲ್ಲರೂ ತೋರಿಸುತ್ತಾರೆ, ನೀವೂ ನೋಡಿ. ಈಗಿರುವುದು ಆಮೇಲೆ ಕಟ್ಟಿದ ಸೇತುವೆ. ನನಗೆ ಸ್ಲೀಪಿ ಹಾಲೋ ಸ್ಮಶಾನವೇ ಹೆಚ್ಚು ಇಷ್ಟ. ಅಲ್ಲಿ ಥೋರೋ ಸಮಾಧಿ ಮೇಲೆ ಜನ ಪೆನ್ಸಿಲ್ ಇಟ್ಟು ಹೋಗುತ್ತಾರೆ. ಥೋರೋ ಮನೆಯವರದು ಪೆನ್ಸಿಲ್ ಕಾರ್ಖಾನೆ ಇತ್ತು. ಅಂದ ಹಾಗೆ, ನೀರಿನ ಬಾಟಲಿ ಮನೆಯಿಂದಲೇ ತನ್ನಿ. ಸಣ್ಣ ಪ್ಲಾಸ್ಟಿಕ್ ಬಾಟಲಿ ನೀರಿನ ಮಾರಾಟವನ್ನು ಈ ಊರು 2013ರಲ್ಲೇ ನಿಲ್ಲಿಸಿತು.

ಅಕ್ಟೋಬರ್ 31ರ ಸಂಜೆ ಹ್ಯಾಲೋವೀನ್. ದಸರೆಯಲ್ಲಿ ನಮ್ಮ ಮಕ್ಕಳು "ಗೊಂಬೆ ಕೂರಿಸಿದ್ದೀರಾ" ಅಂತ ಮನೆ ಮನೆ ಸುತ್ತುತ್ತಿದ್ದರಲ್ಲ, ಅದೇ ಸಂಭ್ರಮ. ಮುಂಬಾಗಿಲ ದೀಪ ಉರಿಯುತ್ತಿದ್ದರೆ ಮಕ್ಕಳು ಬರುತ್ತಾರೆ, ಚಾಕೊಲೇಟ್ ಇಟ್ಟುಕೊಂಡಿರಿ. ಬೇಡ ಅನಿಸಿದರೆ ದೀಪ ಆರಿಸಿ, ಯಾರೂ ಬೆಲ್ ಮಾಡುವುದಿಲ್ಲ. ಆದರೆ ಹೊಸಬರು ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಸುಲಭದ ದಿನ ಇಲ್ಲ. ಆಮೇಲೆ ಬಾಗಿಲು ಮುಚ್ಚಿ ಚಳಿಗಾಲ ಕಳೆಯುತ್ತಾರೆ, ಏಪ್ರಿಲ್‌ವರೆಗೆ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ.

ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಬೆಂಗಳೂರಿಗೂ ನಮಗೂ ಒಂಬತ್ತೂವರೆ ಗಂಟೆ ಇದ್ದ ಅಂತರ ಹತ್ತೂವರೆ ಆಗುತ್ತದೆ. ದಿನಾ ಫೋನ್ ಮಾಡುವ ಅಮ್ಮನಿಗೆ ಮೊದಲೇ ಹೇಳಿಡಿ.